ಕಿಣ್ವಗಳೂ ವರ್ಣತಂತುಗಳೂ

೧

ಕಿಣ್ವ ಎಂಬ ಶಬ್ದವು ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಭಾಗದಲ್ಲಿ, ಮದ್ಯವನ್ನು ಹುದುಗಿಸಲು ಹಾಕುವ ದ್ರವ್ಯಕ್ಕೆ ಈ ಹೆಸರಿದೆ. ಚಾರ್ವಾಕರು ತಮ್ಮ ಮತವನ್ನು ಸ್ಥಾಪಿಸುವಾಗ ಇದನ್ನೇ ದೃಷ್ಟಾಂತವಾಗಿ ಹಿಡಿದರು. ಧಾನ್ಯದಲ್ಲಿಯೂ ನೀರಿನಲ್ಲಿಯೂ ಬೇರೆಬೇರೆಯಾಗಿ ಕಾಣದ ಮದಶಕ್ತಿಯು ಕಿಣ್ವದ ಸಂಬಂಧದಿಂದ ಉಂಟಾಗುವಂತೆ, ಜಡಭೂತಗಳ ಸಂಯೋಗದಿಂದಲೇ ಚೈತನ್ಯವು ಉಂಟಾಗುವುದೆಂಬುದು ಅವರ ವಾದ. ಆ ವಾದವನ್ನು ಖಂಡಿಸಿದ ದರ್ಶನಕಾರರೂ ಈ ದೃಷ್ಟಾಂತವನ್ನು ಬಿಡದೆ ಎತ್ತಿಕೊಂಡರು. ಹೀಗೆ ಸುರೆಯ ಭಾಂಡದಲ್ಲಿ ಹುಟ್ಟಿದ ಶಬ್ದವು ಚೈತನ್ಯದ ಮೂಲವಾವುದೆಂಬ ಚರ್ಚೆಯನ್ನು ಅಂದೇ ಪ್ರವೇಶಿಸಿತ್ತು.

ಪಾಶ್ಚಾತ್ಯ ಶಬ್ದದ ಚರಿತ್ರೆಯೂ ಇದಕ್ಕೆ ಸಮೀಪವಾದುದೇ. ೧೮೭೦ರ ದಶಕದಲ್ಲಿ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು ಗ್ರೀಕ್ ಮೂಲದಿಂದ ಎನ್‌ಜೈಮ್ ಎಂಬ ಪದವನ್ನು ಕಲ್ಪಿಸಿದನು. ಯೀಸ್ಟಿನೊಳಗಿರುವುದು ಎಂದು ಅದರ ಅರ್ಥ. ೧೮೯೭ರಲ್ಲಿ ಬುಕ್ನರನು ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿ, ಜೀವಕಣವೊಂದೂ ಇಲ್ಲದ ಆ ರಸವು ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದನು. ಅಂದಿನಿಂದ ಹುದುಗುವಿಕೆಯು ಜೀವಿಯ ನಿಗೂಢ ವ್ಯಾಪಾರವೆಂಬ ಭಾವನೆ ಹೋಗಿ, ಜೀವಿಯಿಂದ ಬೇರ್ಪಡಿಸಬಹುದಾದ ಒಂದು ವಸ್ತುವಿನ ಕಾರ್ಯವೆಂಬುದು ನೆಲೆಗೊಂಡಿತು. ಕನ್ನಡದ ವಿಜ್ಞಾನಲೇಖಕರು ಎನ್‌ಜೈಮಿಗೆ ಕಿಣ್ವವೆಂಬ ಶಬ್ದವನ್ನೇ ಆರಿಸಿಕೊಂಡುದು ಸರ್ವಥಾ ಉಚಿತವಾಗಿದೆ.

ಕಿಣ್ವದ ಲಕ್ಷಣಗಳು ಮುಖ್ಯವಾಗಿ ಎರಡು. ರಾಸಾಯನಿಕ ಕ್ರಿಯೆಯೊಂದನ್ನು ಅದು ಬಹಳ ಶೀಘ್ರವಾಗಿ ನಡೆಯಿಸುವುದು, ಆದರೆ ತಾನು ವ್ಯಯವಾಗದು. ಇದು ಮೊದಲನೆಯದು. ಒಂದೊಂದು ಕಿಣ್ವವು ಒಂದು ಬಗೆಯ ವಸ್ತುವಿನ ಮೇಲೆ, ಆ ವಸ್ತುವಿನಲ್ಲಿಯೂ ಒಂದು ಬಗೆಯ ಸಂಧಿಯ ಮೇಲೆ ಮಾತ್ರವೇ ಕೆಲಸಮಾಡುವುದು. ಇದು ಎರಡನೆಯದು. ಪೆಪ್ಸಿನ್, ಟ್ರಿಪ್ಸಿನ್ ಎಂಬವು ಪ್ರೋಟೀನನ್ನು ಕತ್ತರಿಸುವುವು. ನ್ಯೂಕ್ಲಿಯೇಸ್‌ಗಳು ನ್ಯೂಕ್ಲಿಯಿಕ್ ಆಮ್ಲಗಳನ್ನು ಕತ್ತರಿಸುವುವು. ಪೆಕ್ಟಿನೇಸು ಸಸ್ಯಗಳ ಪೆಕ್ಟಿನ್ ಎಂಬ ಅಂಟನ್ನು ಕತ್ತರಿಸುವುದು. ಈ ಎರಡನೆಯ ಲಕ್ಷಣದಿಂದಲೇ ಕಿಣ್ವವು ಸಂಶೋಧಕನ ಉಪಕರಣವಾಯಿತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಚನೆಯೊಂದು ಯಾವ ದ್ರವ್ಯದಿಂದ ನಿಂತಿದೆಯೆಂದು ತಿಳಿಯಬೇಕಾದರೆ, ಒಂದೊಂದೇ ದ್ರವ್ಯವನ್ನು ಕತ್ತರಿಸುವ ಕಿಣ್ವವನ್ನು ಅದರ ಮೇಲೆ ಪ್ರಯೋಗಿಸಿ, ಯಾವುದು ಕುಸಿಯಿತು, ಯಾವುದು ಉಳಿಯಿತು ಎಂದು ನೋಡಿದರಾಯಿತು. ಕ್ರಮವು ಇಷ್ಟು ಸರಳವಾಗಿದ್ದರೂ ಅದರಿಂದ ತೆಗೆದ ನಿರ್ಣಯಗಳು ಎಷ್ಟೋ ವರ್ಷ ವಿದ್ವಾಂಸರನ್ನು ಬೇರೆ ದಾರಿಗೆ ಎಳೆದುದುಂಟು. ಆ ಚರಿತ್ರೆಯನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

೨

ಈ ಪರೀಕ್ಷೆಯ ತತ್ತ್ವವನ್ನು ತಿಳಿಯಲು ಪ್ರಯೋಗಶಾಲೆಗೇ ಹೋಗಬೇಕಾಗಿಲ್ಲ. ಕೊಡಗಿನ ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ಹೆದ್ದಾರಿಯಲ್ಲಿ ಸುಂಟಿಕೊಪ್ಪವಿದೆ. ಅದರ ನಾಲ್ಕು ದಿಕ್ಕಿಗೂ ಕಾಫಿತೋಟಗಳು ಹಬ್ಬಿವೆ. ಅರೇಬಿಕಾ ಹಣ್ಣು ಕೆಂಪಾಗಿ ಕೊಯ್ಲಿಗೆ ಬಂದಾಗ, ಪಾರ್ಚ್‌ಮೆಂಟ್ ಕಾಫಿಯನ್ನು ಮಾಡುವ ತೋಟಗಳಲ್ಲಿ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆಯನ್ನು ಬಿಡಿಸುವರು. ಸಿಪ್ಪೆ ಹೋದಮೇಲೂ ಬೀಜದ ಸುತ್ತ ಲೋಳೆಯೊಂದು ಅಂಟಿಕೊಂಡಿರುವುದು. ನೀರಿನಲ್ಲಿ ಎಷ್ಟು ತೊಳೆದರೂ ಅದು ಬಿಡದು. ಆದುದರಿಂದ ಬೀಜವನ್ನು ತೊಟ್ಟಿಯಲ್ಲಿ ರಾಶಿಹಾಕಿ ಒಂದು ದಿನ, ಒಂದೂವರೆ ದಿನ ಹುಳಿಯಲು ಬಿಡುವರು. ರೊಬಸ್ಟಾದ ಲೋಳೆ ಗಟ್ಟಿಯಾದುದರಿಂದ ಅದಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಚಳಿಯಿದ್ದರೆ ಎರಡಕ್ಕೂ ತಡವಾಗುವುದು. ಕೆಲಸದವರು ಹಿಡಿಬೀಜವನ್ನು ತೊಳೆದು ಅಂಗೈಯಲ್ಲಿ ಉಜ್ಜಿ ನೋಡುವರು. ಜಾರುವ ಗುಣ ಹೋಗಿ ಸಣ್ಣ ಹರಳುಕಲ್ಲಿನಂತೆ ಒರಟಾಗಿ ಕೈಗೆ ತಗುಲಿದರೆ ಕೆಲಸ ಮುಗಿಯಿತೆಂದು ಅರ್ಥ.

ಇಲ್ಲಿ ನಡೆದುದೇನು? ಲೋಳೆಯ ಮುಖ್ಯ ದ್ರವ್ಯಗಳಲ್ಲಿ ಪೆಕ್ಟಿನ್ ಒಂದು. ತೊಟ್ಟಿಯಲ್ಲಿ ಬೆಳೆಯುವ ಯೀಸ್ಟು ಮತ್ತು ಬ್ಯಾಕ್ಟೀರಿಯಗಳ ಕಿಣ್ವಗಳೂ ಹಣ್ಣಿನಲ್ಲಿಯೇ ಇದ್ದ ಕಿಣ್ವಗಳೂ ಆ ಅಂಟನ್ನು ತುಂಡುತುಂಡಾಗಿ ಕತ್ತರಿಸುವುವು. ಆದರೆ ಅದರ ಒಳಗಿನ ಪಾರ್ಚ್‌ಮೆಂಟ್ ಹೊಟ್ಟು ಬೇರೊಂದು ದ್ರವ್ಯದಿಂದ ಆದುದರಿಂದ ಹಾಗೆಯೇ ಉಳಿಯುವುದು. ಕರಗಿದುದು ಯಾವುದೆಂಬುದರಿಂದ ಅದರ ದ್ರವ್ಯವೂ, ಉಳಿದುದರಿಂದ ಅದು ಬೇರೆ ಜಾತಿಯದೆಂಬುದೂ ಗೊತ್ತಾಗುತ್ತವೆ. ಹೊತ್ತು ಮೀರಿ ಬಿಟ್ಟರೆ ಕಾಫಿಯ ಗುಣವೇ ಕೆಡುವುದೆಂಬುದನ್ನು ತೋಟದವರು ಬಲ್ಲರು. ಅಂದರೆ ಕಾಲದ ಮಿತಿಯೂ ಇಲ್ಲಿ ಮುಖ್ಯವಾದುದು. ತೊಟ್ಟಿಯಲ್ಲಿ ಕೆಲಸಮಾಡುವುದು ಒಂದೇ ಕಿಣ್ವವಲ್ಲ, ಹಲವು ಕಿಣ್ವಗಳೂ ಆಮ್ಲಗಳೂ ಕೂಡಿದ ಮಿಶ್ರಣವೆಂಬುದನ್ನೂ ಗಮನಿಸಬೇಕು. ಕಾಫಿಗೆ ಇದರಿಂದ ಬಾಧಕವಿಲ್ಲ. ಶಾಸ್ತ್ರನಿರ್ಣಯಕ್ಕೆ ಮಾತ್ರ ಬಾಧಕವಿದೆ.

ಕಾಫಿಗಿಡದ ವರ್ಣತಂತುಗಳನ್ನು ನೋಡಬಯಸುವವರು ಇದೇ ಜಾತಿಯ ಕಿಣ್ವವನ್ನು ಉಪಯೋಗಿಸುತ್ತಾರೆ. ಬೇರಿನ ತುದಿಯ ಜೀವಕಣಗಳು ಒಂದಕ್ಕೊಂದು ಪೆಕ್ಟಿನಿನಿಂದಲೇ ಅಂಟಿಕೊಂಡಿರುವುವು. ಶುದ್ಧೀಕರಿಸಿದ ಪೆಕ್ಟಿನೇಸು ಮತ್ತು ಸೆಲ್ಯುಲೇಸುಗಳಲ್ಲಿ ಆ ತುದಿಯನ್ನು ನೆನೆಯಿಟ್ಟರೆ ಭಿತ್ತಿಗಳು ಸಡಿಲವಾಗಿ, ವರ್ಣತಂತುಗಳು ಗಾಜಿನ ಮೇಲೆ ಹರಡಿಕೊಳ್ಳುವುವು. ಅರೇಬಿಕಾದಲ್ಲಿ ೪೪, ರೊಬಸ್ಟಾದಲ್ಲಿಯೂ ಲೈಬೀರಿಕಾದಲ್ಲಿಯೂ ೨೨ ವರ್ಣತಂತುಗಳಿವೆ. ಇದು ಕೇವಲ ಕುತೂಹಲದ ಸಂಖ್ಯೆಯಲ್ಲ. ಎಲೆತುಕ್ಕು ರೋಗವನ್ನು ತಡೆಯುವ ಗುಣವನ್ನು ಒಂದು ಜಾತಿಯಿಂದ ಇನ್ನೊಂದಕ್ಕೆ ತರಬೇಕಾದಾಗ, ಸಂಖ್ಯೆ ಹೊಂದದ ಸಂಕರಗಳು ಬಹುಮಟ್ಟಿಗೆ ಬಂಜೆಯಾಗುವುವು. ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಆರಂಭವಾದ ಸಂಶೋಧನಕೇಂದ್ರದಿಂದ ಹೊರಬಂದ ಎಸ್. ೭೯೫ ಎಂಬ ತಳಿಯಲ್ಲಿ ಲೈಬೀರಿಕಾದ ಅಂಶವು ಅರೇಬಿಕಾಕ್ಕೆ ಬಂದು ಸೇರಿದೆ. ಸುಂಟಿಕೊಪ್ಪಕ್ಕೆ ಸಮೀಪದ ಚೆಟ್ಟಳ್ಳಿಯಲ್ಲಿ ೧೯೪೬ರಲ್ಲಿ ಸ್ಥಾಪಿತವಾದ ಉಪಕೇಂದ್ರವು ಕೊಡಗಿನ ಬೆಳೆಗಾರರಿಗೆ ಇಂತಹ ಸಂಶೋಧನೆಯ ಫಲವನ್ನು ಮುಟ್ಟಿಸುವುದಕ್ಕೆ ಏರ್ಪಟ್ಟುದು.

೩

ಪ್ರಾಣಿಗಳ ಜೀವಕಣದ ಮೇಲೆ ಕಿಣ್ವವನ್ನು ಉಪಕರಣವಾಗಿ ಪ್ರಯೋಗಿಸಿದವರಲ್ಲಿ ಅಗ್ರಗಣ್ಯನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಷರ್. ೧೮೬೮-೬೯ರಲ್ಲಿ ಅವನು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಹೋಪ್ಪೆ-ಸೈಲರನ ಶಿಷ್ಯನಾಗಿದ್ದನು. ಶಸ್ತ್ರವೈದ್ಯಶಾಲೆಯಿಂದ ಬಂದ ಪಟ್ಟಿಗಳ ಮೇಲಿನ ಕೀವಿನಿಂದ ಬಿಳಿಯ ರಕ್ತಕಣಗಳನ್ನು ಸಂಗ್ರಹಿಸಿ, ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್ ರಸದಲ್ಲಿ ಅವನ್ನು ಜೀರ್ಣಗೊಳಿಸಿದನು. ಹೊರಗಿನ ಪ್ರೋಟೀನೆಲ್ಲ ಕರಗಿಹೋಯಿತು. ಕಣಕೇಂದ್ರಗಳು ಮಾತ್ರ ಬೂದುಬಣ್ಣದ ಪುಡಿಯಂತೆ ತಳದಲ್ಲಿ ನಿಂತುವು. ಆ ಶೇಷದಲ್ಲಿ ರಂಜಕವು ವಿಶೇಷವಾಗಿದ್ದುದರಿಂದಲೂ ಪೆಪ್ಸಿನ್ ಅದನ್ನು ಮುಟ್ಟದಿದ್ದುದರಿಂದಲೂ ಅದು ಪ್ರೋಟೀನಲ್ಲವೆಂದು ನಿಶ್ಚಯಿಸಿ ನ್ಯೂಕ್ಲೀನ್ ಎಂದು ಹೆಸರಿಟ್ಟನು. ೧೮೭೧ರಲ್ಲಿ ಅದು ಪ್ರಕಟವಾಯಿತು. ಇಂದು ಡಿ.ಎನ್.ಎ. ಎಂದು ಪ್ರಸಿದ್ಧವಾದ ವಸ್ತುವಿನ ಪ್ರಥಮ ದರ್ಶನವು ಹೀಗೆ ಒಂದು ಕಿಣ್ವದ ಅಸಾಮರ್ಥ್ಯದಿಂದ ಲಭಿಸಿತು. ೧೮೭೪ರಲ್ಲಿ ಅವನೇ ರೈನ್ ನದಿಯ ಸಾಲ್ಮನ್ ಮೀನಿನ ರೇತಸ್ಸಿನಲ್ಲಿ ನ್ಯೂಕ್ಲೀನಿನೊಡನೆ ಕೂಡಿರುವ ಕ್ಷಾರಗುಣದ ವಸ್ತುವೊಂದನ್ನು ಕಂಡು ಪ್ರೊಟಮೀನ್ ಎಂದು ಕರೆದನು. ಹತ್ತು ವರ್ಷಗಳ ತರುವಾಯ ಕೊಸ್ಸೆಲನು ಹೆಬ್ಬಾತಿನ ರಕ್ತಕಣಗಳಿಂದ ಹಿಸ್ಟೋನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದನು. ವರ್ಣತಂತುವಿನಲ್ಲಿ ನ್ಯೂಕ್ಲಿಯಿಕ್ ಆಮ್ಲ, ಪ್ರೋಟೀನು ಎರಡೂ ಇವೆಯೆಂಬುದು ಹೀಗೆ ಸ್ಪಷ್ಟವಾಯಿತು.

ಇವೆರಡರಲ್ಲಿ ವಂಶಗುಣವನ್ನು ಹೊತ್ತಿರುವುದು ಯಾವುದು? ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಬಹುಮಂದಿ ವಿದ್ವಾಂಸರ ಒಲವು ಪ್ರೋಟೀನಿನ ಕಡೆಗೆ ಇದ್ದಿತು. ಪ್ರೋಟೀನಿನಲ್ಲಿ ಇಪ್ಪತ್ತು ಬಗೆಯ ಘಟಕಗಳುಂಟು. ನ್ಯೂಕ್ಲಿಯಿಕ್ ಆಮ್ಲದಲ್ಲಿ ನಾಲ್ಕೇ. ನಾಲ್ಕು ಅಕ್ಷರಗಳಲ್ಲಿ ಜೀವಪ್ರಪಂಚದ ವೈವಿಧ್ಯವನ್ನೆಲ್ಲ ಬರೆಯಲು ಹೇಗೆ ಸಾಧ್ಯವೆಂಬುದು ಅವರ ಆಕ್ಷೇಪಣೆ.

೪

ಈ ಪ್ರಶ್ನೆಯನ್ನು ಕಿಣ್ವದಿಂದ ತೀರ್ಮಾನಿಸಬೇಕಾದರೆ ಮೊದಲು ಕಿಣ್ವವು ಶುದ್ಧವಾಗಬೇಕಾಗಿತ್ತು. ೧೯೨೬ರಲ್ಲಿ ಸಮ್ನರನು ಯೂರಿಯೇಸನ್ನು ಹರಳುಗಟ್ಟಿಸಿ ಕಿಣ್ವವೂ ಪ್ರೋಟೀನೇ ಎಂದು ತೋರಿಸಿದನು. ೧೯೩೦ರಲ್ಲಿ ನಾರ್ತ್ರಪ್‌ನು ಪೆಪ್ಸಿನನ್ನೂ, ಅನಂತರ ಅವನೂ ಕುನಿಟ್ಜನೂ ಕೂಡಿ ಟ್ರಿಪ್ಸಿನನ್ನೂ ಹರಳಿನ ರೂಪಕ್ಕೆ ತಂದರು. ೧೯೪೦ರಲ್ಲಿ ಕುನಿಟ್ಜನು ಆರ್.ಎನ್.ಎ.ಯನ್ನು ಕತ್ತರಿಸುವ ರೈಬೋನ್ಯೂಕ್ಲಿಯೇಸನ್ನು ಹಾಗೆಯೇ ಸಿದ್ಧಪಡಿಸಿದನು.

ಪರೀಕ್ಷೆಗೆ ಯೋಗ್ಯವಾದ ವರ್ಣತಂತುವೂ ದೊರೆಯಿತು. ಡ್ರಾಸೊಫಿಲ ಎಂಬ ಹಣ್ಣುನೊಣದ ಮರಿಹುಳುವಿನ ಲಾಲಾಗ್ರಂಥಿಯಲ್ಲಿ ವರ್ಣತಂತುಗಳು ಪುನಃಪುನಃ ಇಮ್ಮಡಿಸಿ, ಸುಮಾರು ಸಾವಿರ ಎಳೆಗಳು ಬೇರ್ಪಡದೆ ಒಂದರ ಮಗ್ಗುಲಿಗೊಂದು ಕೂಡಿಕೊಂಡು, ಅಡ್ಡಪಟ್ಟೆಗಳುಳ್ಳ ದಪ್ಪ ಹುರಿಯಂತೆ ಕಾಣುವುವು. ಕೊಡಗಿನ ನೊಣಗಳಿಗೂ ಈ ಶಾಸ್ತ್ರದಲ್ಲಿ ಸ್ಥಾನವುಂಟು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಚ್. ಎ. ರಂಗನಾಥರೂ ಅವರ ಸಹೋದ್ಯೋಗಿಗಳೂ ಡ್ರಾಸೊಫಿಲ ನಸೂಟ ಎಂಬ ನೊಣದ ಕೊಡಗಿನ ತಳಿಯನ್ನು ಅದರ ದಾಯಾದಿಯಾದ ಆಲ್ಬೊಮಿಕನ್ಸ್ ಎಂಬುದರೊಡನೆ ಹೋಲಿಸಿ ಅನೇಕ ವರ್ಷ ಅಧ್ಯಯನ ಮಾಡಿದರು. ಮೊದಲನೆಯದರಲ್ಲಿ ೮, ಎರಡನೆಯದರಲ್ಲಿ ೬ ವರ್ಣತಂತುಗಳು. ಎರಡು ತಂತುಗಳು ಕೂಡಿ ಒಂದಾದುದೇ ಈ ವ್ಯತ್ಯಾಸಕ್ಕೆ ಕಾರಣ. ಇವೆರಡನ್ನು ಸಂಕರಮಾಡಿ ಸಾಕಿದಾಗ ಹೊಸ ವರ್ಣತಂತುವ್ಯವಸ್ಥೆಯುಳ್ಳ ಸಂತತಿಗಳು ಪ್ರಯೋಗಶಾಲೆಯಲ್ಲಿಯೇ ಹುಟ್ಟಿದುವೆಂದು ೧೯೮೬ರಲ್ಲಿ ರಾಮಚಂದ್ರ ಮತ್ತು ರಂಗನಾಥರು ತೋರಿಸಿದರು.

ಲಾಲಾಗ್ರಂಥಿಯ ತಂತುಗಳ ಮೇಲೆ ಕಿಣ್ವವನ್ನು ಪ್ರಯೋಗಿಸಿದವರಲ್ಲಿ ಸ್ವೀಡನ್ನಿನ ಕ್ಯಾಸ್ಪರ್ಸನ್ ಮತ್ತು ಅಮೆರಿಕದ ಡೇನಿಯಲ್ ಮೇಜಿಯ ಮುಖ್ಯರು. ೧೯೩೯ರಲ್ಲಿ ಮೇಜಿಯ ಮತ್ತು ಯೇಗರ್ ಎಂಬವರು ಕಂಡುದು ಹೀಗಿದೆ: ಟ್ರಿಪ್ಸಿನನ್ನು ಹಾಕಿದರೆ ತಂತುವು ಚೆದುರಿ ಹಾಳಾಗುವುದು, ನ್ಯೂಕ್ಲಿಯೇಸನ್ನು ಹಾಕಿದರೆ ಡಿ.ಎನ್.ಎ.ಯನ್ನು ತೋರಿಸುವ ಬಣ್ಣವು ಹೋಗುವುದು, ಆದರೆ ತಂತುವಿನ ಆಕಾರವು ನಿಲ್ಲುವುದು, ಪ್ರೋಟೀನಿನ ಪರೀಕ್ಷೆಗೂ ಅದು ಒಡಂಬಡುವುದು. ಇದರಿಂದ ತಂತುವಿನ ಅಖಂಡತೆಗೆ ಆಧಾರವು ಪ್ರೋಟೀನೇ ಎಂದು ತೋರಿತು. ವಂಶವಾಹಿಯೂ ಪ್ರೋಟೀನೇ ಇರಬೇಕೆಂಬ ಅಂದಿನ ಮತಕ್ಕೆ ಇದು ಬಲವಾದ ಆಸರೆಯಾಯಿತು.

೫

ಈ ಮತಕ್ಕೆ ಮೊದಲ ಪೆಟ್ಟು ಬಿದ್ದುದು ವರ್ಣತಂತುವಿನ ಕಡೆಯಿಂದಲ್ಲ, ಬ್ಯಾಕ್ಟೀರಿಯದ ಕಡೆಯಿಂದ. ೧೯೪೪ರಲ್ಲಿ ನ್ಯೂಯಾರ್ಕಿನ ಏವರಿ, ಮೆಕ್ಲಿಯಡ್, ಮೆಕಾರ್ಟಿ ಎಂಬ ಮೂವರು ನ್ಯುಮೋನಿಯ ರೋಗದ ಬ್ಯಾಕ್ಟೀರಿಯವನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಸ್ಥಿರವಾಗಿ ಮಾರ್ಪಡಿಸುವ ವಸ್ತುವನ್ನು ಶುದ್ಧೀಕರಿಸಿದರು. ಟ್ರಿಪ್ಸಿನು, ಕೈಮೋಟ್ರಿಪ್ಸಿನು, ರೈಬೋನ್ಯೂಕ್ಲಿಯೇಸು ಇವು ಯಾವುವೂ ಅದರ ಶಕ್ತಿಯನ್ನು ಕುಂದಿಸಲಿಲ್ಲ. ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವವಿದ್ದ ರಸಗಳು ಮಾತ್ರ ಅದನ್ನು ನಾಶಮಾಡಿದುವು. ಮೇಜಿಯನ ಪರೀಕ್ಷೆಯು ಆಕಾರವನ್ನು ಕೇಳಿತ್ತು. ಇವರ ಪರೀಕ್ಷೆಯು ಕಾರ್ಯವನ್ನು ಕೇಳಿತು. ಪ್ರಶ್ನೆಯು ಬದಲಾದಾಗ ಉತ್ತರವೂ ಬದಲಾಯಿತು.

ಆಕಾರದ ಪ್ರಶ್ನೆಗೂ ಬೇರೆ ಉತ್ತರವು ಬರಲು ಹದಿನಾಲ್ಕು ವರ್ಷ ಹಿಡಿಯಿತು. ನ್ಯೂಟ್ ಎಂಬ ಉಭಯಚರದ ಅಂಡಕಣದಲ್ಲಿ ವರ್ಣತಂತುಗಳು ಇಕ್ಕೆಲದಲ್ಲಿಯೂ ಕುಣಿಕೆಗಳನ್ನು ಬಿಟ್ಟುಕೊಂಡು ದೀಪದ ಬುರುಡೆಯನ್ನು ಒರೆಸುವ ಕುಂಚದಂತೆ ಇರುವುವು. ಇವುಗಳನ್ನು ಆಮ್ಲದಿಂದ ಹೆಪ್ಪುಗಟ್ಟಿಸದೆ ಹಸಿಯಾಗಿಯೇ ನೋಡಬಹುದು. ೧೯೫೮ರಲ್ಲಿ ಕ್ಯಾಲನ್ ಮತ್ತು ಮ್ಯಾಗ್ರೆಗರ್ ಎಂಬವರು ಇವುಗಳ ಮೇಲೆ ಪ್ರೋಟೀನನ್ನೂ ಆರ್.ಎನ್.ಎ.ಯನ್ನೂ ಕತ್ತರಿಸುವ ಕಿಣ್ವಗಳನ್ನು ಹಾಕಿದರು. ಮೇಲಿನ ಹೊದಿಕೆ ಕಳಚಿತು, ಅಕ್ಷವು ತುಂಡಾಗಲಿಲ್ಲ. ಡಿ.ಎನ್.ಎ.ಯ ಕಿಣ್ವವನ್ನು ಹಾಕಿದೊಡನೆ ಅಕ್ಷವೂ ಕುಣಿಕೆಗಳೂ ಚೂರುಚೂರಾದುವು. ಲಾಲಾಗ್ರಂಥಿಯ ತಂತು ಸಾವಿರ ಎಳೆಗಳ ಹುರಿ. ಆ ಎಳೆಗಳನ್ನು ಮಗ್ಗುಲುಮಗ್ಗುಲಾಗಿ ಹಿಡಿದ ಪ್ರೋಟೀನು ಇರುವವರೆಗೆ ಎಳೆಗಳು ತುಂಡಾದರೂ ಹುರಿಯ ಆಕಾರವು ನಿಲ್ಲಬಲ್ಲುದು. ಒಂಟಿ ಎಳೆಯಲ್ಲಿ ಈ ಮರೆ ಇಲ್ಲ.

೧೯೬೩ರಲ್ಲಿ ಜೋಸೆಫ್ ಗಾಲ್ ಎಂಬವನು ಇದೇ ತಂತುಗಳಲ್ಲಿ ಎಳೆಗಳ ಸಂಖ್ಯೆಯನ್ನು ಕಿಣ್ವದಿಂದಲೇ ಎಣಿಸಿದನು. ಒಂಟಿ ಎಳೆಯಾದರೆ ಕಡಿತಗಳು ಕಾಲಕ್ಕೆ ಸಮಪ್ರಮಾಣದಲ್ಲಿ ಕಾಣಬೇಕು. ಎರಡು ಎಳೆಗಳ ಹಗ್ಗವಾದರೆ ಒಂದೇ ಸ್ಥಾನದಲ್ಲಿ ಎರಡೂ ಕಡಿದಾಗಲೇ ಅದು ತುಂಡಾಗುವುದು. ಆದುದರಿಂದ ತುಂಡುಗಳು ಕಾಲದ ವರ್ಗಕ್ಕನುಸಾರವಾಗಿ ಹೆಚ್ಚುವುವು. ನಾಲ್ಕಾದರೆ ನಾಲ್ಕನೆಯ ಘಾತಕ್ಕನುಸಾರವಾಗಿ. ಕುಣಿಕೆಗಳ ಲೆಕ್ಕವು ಎರಡಕ್ಕೂ ಅಕ್ಷದ ಲೆಕ್ಕವು ನಾಲ್ಕಕ್ಕೂ ಸಮೀಪವಾಗಿ ಬಂದಿತು. ಡಿ.ಎನ್.ಎ.ಯು ಎರಡೆಳೆಯ ಸುರುಳಿಯೆಂಬುದು ೧೯೫೩ರಲ್ಲಿಯೇ ತಿಳಿದಿತ್ತು. ಕುಣಿಕೆಯು ಅರೆತಂತುವೊಂದರದು, ಅಕ್ಷವು ಎರಡು ಅರೆತಂತುಗಳದು. ಆದುದರಿಂದ ಅರೆತಂತುವಿನ ಉದ್ದಕ್ಕೂ ಹರಿದಿರುವುದು ಒಂದೇ ಒಂದು ಡಿ.ಎನ್.ಎ. ಸುರುಳಿಯೆಂದು ಸಿದ್ಧವಾಯಿತು.

೬

ಹಾಗಾದರೆ ಪ್ರೋಟೀನಿನ ಪಾತ್ರವೇನು? ಇದಕ್ಕೂ ಕಿಣ್ವವೇ ಉತ್ತರಕೊಟ್ಟಿತು. ೧೯೭೩ರಲ್ಲಿ ಆಸ್ಟ್ರೇಲಿಯದ ಹ್ಯೂಯಿಶ್ ಮತ್ತು ಬರ್ಗಾಯ್ನ್ ಎಂಬವರು ಇಲಿಯ ಯಕೃತ್ತಿನ ಕಣಕೇಂದ್ರಗಳಲ್ಲಿ ಇದ್ದ ನ್ಯೂಕ್ಲಿಯೇಸೇ ಡಿ.ಎನ್.ಎ.ಯನ್ನು ಕತ್ತರಿಸಲು ಬಿಟ್ಟರು. ತುಂಡುಗಳು ಅಡ್ಡಾದಿಡ್ಡಿಯಾಗಿ ಬೀಳದೆ, ಒಂದು ನಿಯತವಾದ ಅಳತೆಯ ಒಂದರಷ್ಟು, ಎರಡರಷ್ಟು, ಮೂರರಷ್ಟು ಉದ್ದಕ್ಕೆ ಬಿದ್ದುವು. ಅಂದರೆ ಡಿ.ಎನ್.ಎ.ಯ ಮೇಲೆ ನಿಯತವಾದ ಅಂತರದಲ್ಲಿ ಏನೋ ಕವಚವಿದ್ದು, ನಡುವಣ ಬಯಲಿನಲ್ಲಿ ಮಾತ್ರ ಕಿಣ್ವಕ್ಕೆ ಅವಕಾಶವಿದೆಯೆಂದಾಯಿತು. ೧೯೭೪ರಲ್ಲಿ ರೋಜರ್ ಕೋರ್ನ್‌ಬರ್ಗ್ ಎಂಬವನು ಆ ಕವಚದ ವಿವರವನ್ನು ಸೂಚಿಸಿದನು: ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ ಎಂಟು ಕೂಡಿ, ಸುಮಾರು ೨೦೦ ಜೋಡಿ ಅಕ್ಷರಗಳ ಡಿ.ಎನ್.ಎ.ಗೆ ಒಂದೊಂದು ಘಟಕವಾಗುವುವು. ಈ ಘಟಕಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ೧೯೭೬ರಲ್ಲಿ ವೈನ್‌ಟ್ರಾಬ್ ಮತ್ತು ಗ್ರೌಡೀನ್ ಎಂಬವರು ಕೋಳಿಮರಿಯ ರಕ್ತಕಣದಲ್ಲಿ ಗ್ಲೋಬಿನ್ ವಂಶವಾಹಿಯನ್ನು ನ್ಯೂಕ್ಲಿಯೇಸು ಬೇಗನೆ ಕತ್ತರಿಸುವುದೆಂದೂ, ಅದೇ ಕಣದಲ್ಲಿ ಕೆಲಸವಿಲ್ಲದೆ ಸುಮ್ಮನಿರುವ ಮೊಟ್ಟೆಬಿಳಿಯ ಪ್ರೋಟೀನಿನ ವಂಶವಾಹಿಯನ್ನು ಅಷ್ಟು ಬೇಗ ಕತ್ತರಿಸದೆಂದೂ ತೋರಿಸಿದರು. ಕೆಲಸಮಾಡುವ ವಂಶವಾಹಿಯ ಕಟ್ಟು ಸಡಿಲವಾಗಿರುವುದೆಂಬುದು ಇದರ ತಾತ್ಪರ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ಎಸ್. ರಾಯರೂ ಅವರ ಸಂಗಡಿಗರೂ ೧೯೮೦ರ ದಶಕದಲ್ಲಿ ಇದೇ ಉಪಕರಣವನ್ನು ಇಲಿಯ ವೃಷಣದ ಜೀವಕಣಗಳ ಮೇಲೆ ಪ್ರಯೋಗಿಸಿದರು. ಅಲ್ಲಿ ವಿಶೇಷ ಹಿಸ್ಟೋನುಗಳಿರುವುದರಿಂದ ನ್ಯೂಕ್ಲಿಯೋಸೋಮುಗಳ ಕಟ್ಟು ಯಕೃತ್ತಿನವುಗಳಿಗಿಂತ ಸಡಿಲವಾಗಿದೆಯೆಂದು ಅವರಿಗೆ ತಿಳಿದುಬಂದಿತು. ರೇತಃಕಣವು ಪಕ್ವವಾಗುವಾಗ ಹಿಸ್ಟೋನುಗಳು ತೊಲಗಿ, ನಡುವೆ ಸಂಕ್ರಮಣದ ಪ್ರೋಟೀನುಗಳು ಬಂದು, ಕಡೆಗೆ ಪ್ರೊಟಮೀನು ನೆಲೆಸುವುದು. ಮೀಷರನು ರೈನ್ ನದಿಯ ಮೀನಿನಲ್ಲಿ ಕಂಡ ವಸ್ತುವಿನ ಕಾರ್ಯವು ನೂರು ವರ್ಷದ ಮೇಲೆ ಹೀಗೆ ವಿಶದವಾಯಿತು.

ಅಲ್ಪವಾಗಿ ಕತ್ತರಿಸಿ ನಿಲ್ಲಿಸುವುದರಿಂದಲೂ ಪ್ರಯೋಜನವುಂಟು. ೧೯೭೧ರಲ್ಲಿ ಇಂಗ್ಲೆಂಡಿನ ಮರೀನ ಸೀಬ್ರೈಟ್ ಎಂಬವಳು ಮಾನವನ ವರ್ಣತಂತುಗಳನ್ನು ಸ್ವಲ್ಪ ಹೊತ್ತು ಮಾತ್ರ ಟ್ರಿಪ್ಸಿನಿನಲ್ಲಿಟ್ಟು ಬಣ್ಣಹಾಕಿದಾಗ ಅಡ್ಡಪಟ್ಟೆಗಳು ಸ್ಪಷ್ಟವಾಗಿ ಮೂಡಿದುವು. ೪೬ ತಂತುಗಳನ್ನು ಒಂದೊಂದಾಗಿ ಗುರುತಿಸಿ, ತುಂಡು ಕಳೆದುದನ್ನೂ ಸ್ಥಾನಪಲ್ಲಟವಾದುದನ್ನೂ ಕಂಡುಹಿಡಿಯುವುದು ಇದರಿಂದ ಸುಲಭವಾಯಿತು.

೭

ಜೀವಕಣದೊಳಗಿನ ಪ್ರೋಟೀನಿನ ಅಕ್ಷರಕ್ರಮವನ್ನು ಓದುವುದಕ್ಕೂ ಇದೇ ಕತ್ತರಿ. ಟ್ರಿಪ್ಸಿನು ಲೈಸೀನ್, ಆರ್ಜಿನೀನ್ ಎಂಬ ಎರಡು ಘಟಕಗಳ ತರುವಾಯವೇ ಸರಪಣಿಯನ್ನು ಕಡಿಯುವುದು. ಪದಚ್ಛೇದದಲ್ಲಿ ಸಂಧಿಸ್ಥಾನಗಳು ನಿಯತವಾಗಿರುವಂತೆ ಇಲ್ಲಿಯೂ ನಿಯತವಾಗಿವೆ. ಕೇಂಬ್ರಿಡ್ಜಿನ ಸ್ಯಾಂಗರನು ಟ್ರಿಪ್ಸಿನ್ ಮುಂತಾದ ಕಿಣ್ವಗಳಿಂದ ಕಡಿದ ತುಂಡುಗಳನ್ನು ಹೊಂದಿಸಿ, ೧೯೫೫ರ ಹೊತ್ತಿಗೆ ಇನ್ಸುಲಿನಿನ ೫೧ ಘಟಕಗಳ ಕ್ರಮವನ್ನು ಪೂರ್ಣವಾಗಿ ಓದಿದನು. ೧೯೫೬ರಲ್ಲಿ ಇಂಗ್ರಾಮ್ ಎಂಬವನು ಕುಡುಗೋಲು ಕಣದ ರೋಗವುಳ್ಳವರ ಹೀಮೊಗ್ಲೋಬಿನನ್ನೂ ಆರೋಗ್ಯವಂತರದನ್ನೂ ಟ್ರಿಪ್ಸಿನಿನಿಂದ ಕಡಿದು ಕಾಗದದ ಮೇಲೆ ಹರಡಿದನು. ಸುಮಾರು ಮೂವತ್ತು ತುಂಡುಗಳಲ್ಲಿ ಒಂದೇ ಒಂದು ಸ್ಥಾನಪಲ್ಲಟವಾಗಿತ್ತು. ಆ ತುಂಡಿನಲ್ಲಿ ಒಂದು ಘಟಕದ ಸ್ಥಾನದಲ್ಲಿ ಇನ್ನೊಂದು ಬಂದುದೇ ರೋಗದ ಮೂಲವೆಂದು ಮರುವರ್ಷ ನಿರ್ಧರವಾಯಿತು. ಕೊಡಗು ಮೈಸೂರು ಗಡಿಯ ಕಾಡುಗಳಲ್ಲಿಯೂ ಕಾಫಿತೋಟಗಳಲ್ಲಿಯೂ ದುಡಿಯುವ ಯೆರವ, ಜೇನುಕುರುಬ ಜನರಲ್ಲಿ ಈ ರೋಗದ ಅಂಶವು ಕಂಡುಬಂದಿದೆ. ಭಾರತ ಸರ್ಕಾರವು ೨೦೨೩ರಲ್ಲಿ ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಹಾಡಿಯ ಮಗುವಿನ ಕೈಕಾಲು ನೋವಿಗೆ ಕಾರಣವು ಒಂದು ಸರಪಣಿಯ ಒಂದು ಅಕ್ಷರವೆಂಬುದನ್ನು ಮೊದಲು ಹೇಳಿದುದು ಈ ಕಿಣ್ವಪರೀಕ್ಷೆ.

ಮೇಲ್ಕಂಡ ಚರಿತ್ರೆಯಿಂದ ಕಿಣ್ವಪರೀಕ್ಷೆಯ ನಿಯಮಗಳು ತಾವಾಗಿಯೇ ಹೊರಡುತ್ತವೆ. ಕಿಣ್ವವು ಶುದ್ಧವಾಗಿರಬೇಕು, ಪ್ರೋಟೀನಿನ ಕಿಣ್ವದಲ್ಲಿ ನ್ಯೂಕ್ಲಿಯೇಸಿನ ಲೇಶವಿದ್ದರೂ ತೀರ್ಪು ತಲೆಕೆಳಗಾಗುವುದು. ಕಿಣ್ವವಿಲ್ಲದ ಅದೇ ದ್ರವದಲ್ಲಿ ಅಷ್ಟೇ ಹೊತ್ತು ಇಟ್ಟ ಮಾದರಿಯೊಡನೆ ಹೋಲಿಸಬೇಕು. ಕಾಲದ ಮಿತಿಯನ್ನು ಮೊದಲೇ ಗೊತ್ತುಮಾಡಬೇಕು. ಕರಗದೆ ಉಳಿದುದೆಲ್ಲ ಬೇರೆ ದ್ರವ್ಯವೆಂದು ಹೇಳಲಾಗದು; ಕಿಣ್ವವು ಅದನ್ನು ಮುಟ್ಟಲಾರದಂತೆ ಇನ್ನೊಂದು ವಸ್ತುವು ಮರೆಯಾಗಿ ನಿಂತಿರಬಹುದು. ಆ ಮರೆಯನ್ನೇ ಸಾಕ್ಷಿಯಾಗಿ ಕರೆದುದರಿಂದ ನ್ಯೂಕ್ಲಿಯೋಸೋಮು ದೊರೆಯಿತು. ಅದನ್ನು ಗಣನೆಗೆ ತಾರದುದರಿಂದ ಪ್ರೋಟೀನಿಗೆ ವಂಶವಾಹಿಯ ಪಟ್ಟವು ಕೆಲವು ಕಾಲ ನಿಂತಿತು. ಪ್ರಕ್ಷಿಪ್ತಭಾಗಗಳನ್ನು ಕಳೆದು ಮೂಲಪಾಠವನ್ನು ಕಾಣಬಯಸುವ ಗ್ರಂಥಸಂಪಾದಕನಿಗೂ ಈ ಎಚ್ಚರಿಕೆಯು ಅಪರಿಚಿತವಲ್ಲ. ಕಳೆದಮೇಲೆ ಉಳಿದುದೇ ಮೂಲವೆಂದು ಅವನು ನಿಶ್ಚಯಿಸುವುದಕ್ಕೆ ಮುಂಚೆ, ತಾನು ಹಿಡಿದ ಕತ್ತರಿಯು ಏನನ್ನು ಕತ್ತರಿಸಬಲ್ಲುದು, ಏನನ್ನು ಕತ್ತರಿಸಲಾರದು ಎಂಬುದನ್ನು ಪರೀಕ್ಷಿಸಬೇಕಾಗಿದೆ.